ಜೂಜಿನ ಜಾಲದಿಂದ ಮನೆಯನ್ನು ಕಾಪಾಡಿಕೊಳ್ಳೋಣ

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಇಶಾ ನಮಾಝ್ ಮುಗಿದು ಜನರೆಲ್ಲ ಚದುರಿದ ಮೇಲೆ, ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮಸೀದಿಯ ಜಗಲಿಯಲ್ಲಿ ನಮಗಾಗಿ ಕಾದು ನಿಂತಿದ್ದ. ಎಳವೆಯಲ್ಲಿ ನಮ್ಮ ಬಳಿಯೇ ಕುರ್‌ಆನ್ ಓದಲು ಕಲಿತವನು, ಈಗ ಪೇಟೆಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವನು. "ಉಸ್ತಾದರೇ, ನನ್ನಿಂದ ಒಂದು ತಪ್ಪಾಗಿದೆ" ಎಂದು ತಲೆ ತಗ್ಗಿಸಿದ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ರಮ್ಮಿಯಿಂದ ಆರಂಭವಾಗಿ, ಕ್ರಿಕೆಟ್ ಬೆಟ್ಟಿಂಗಿನವರೆಗೆ ಹೋಗಿ, ಸಾಲ ನಾಲ್ಕು ಲಕ್ಷ ದಾಟಿತ್ತು. ಉಮ್ಮನ ಎರಡು ಬಳೆಗಳು ಅಡವಿನಲ್ಲಿದ್ದವು. ಉಮ್ಮನಿಗೆ ಅದು ತಿಳಿದಿರಲಿಲ್ಲ.

ನಾವು ನಮಗೆ ತಿಳಿದದ್ದನ್ನು ಮಾಡಿದೆವು. ಜೂಜು ಹರಾಮ್ ಎಂಬುದನ್ನು ಸೂಕ್ತಗಳ ಸಮೇತ ವಿವರಿಸಿದೆವು. ಅವನು ಅತ್ತ, ತೌಬಾ ಮಾಡಿದ. ಅವನ ಮಾನ ಕಾಯುವುದು ನಮ್ಮ ಹೊಣೆಯೆಂದು ಭಾವಿಸಿ, ಮನೆಯವರಿಗೆ ಸುಳಿವು ಕೊಡದೆ, ನಾಲ್ಕಾರು ಹಿತೈಷಿಗಳಿಂದ ಒಂದಿಷ್ಟು ಹಣ ಹೊಂದಿಸಿ, ಸಾಲ ತೀರಿಸಿಕೋ ಎಂದು ಅವನ ಕೈಗೇ ಕೊಟ್ಟೆವು. ಒಂದು ವಾರದೊಳಗೆ ಆ ಹಣವೂ ಜೂಜಿಗೆ ಹೋಯಿತು.

ಅವನ ಕಣ್ಣೀರು ಸುಳ್ಳಾಗಿರಲಿಲ್ಲ ಎಂದು ನಾವು ಇಂದಿಗೂ ನಂಬಿದ್ದೇವೆ. ಹಾಗಾದರೆ ತಪ್ಪಿದ್ದು ಎಲ್ಲಿ? ಈ ಪ್ರಶ್ನೆ ನಮ್ಮನ್ನು ಬಹುಕಾಲ ಕಾಡಿತು. ಜೂಜು ಹರಾಮ್ ಎಂದು ಹೇಳುವುದರಲ್ಲಿ ನಮ್ಮ ಸಮುದಾಯವು ಎಂದೂ ಹಿಂದೆ ಬಿದ್ದಿಲ್ಲ. ಆದರೆ ಜೂಜು ಮನೆಯೊಳಗೆ ಬಂದ ಮೇಲೆ ಏನು ಮಾಡಬೇಕೆಂಬುದನ್ನು ನಾವು ಕಲಿತಿಲ್ಲ, ಕಲಿಸಿಯೂ ಇಲ್ಲ. ಈ ಲೇಖನವು ಆ ಕೊರತೆಯ ಕುರಿತಾಗಿದೆ.

ಹೆಸರು ಬದಲಾದರೆ ವಸ್ತು ಬದಲಾಗದು

ಕುರ್‌ಆನ್ ಜೂಜನ್ನು 'ಮೈಸಿರ್' ಎಂದು ಕರೆಯುತ್ತದೆ. ಸುಲಭ ಎಂಬ ಅರ್ಥವುಳ್ಳ 'ಯುಸ್ರ್' ಎಂಬ ಪದಕ್ಕೂ ಇದಕ್ಕೂ ನಂಟಿದೆಯೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ದುಡಿಯದೆ ಸುಲಭವಾಗಿ ಕೈಸೇರುವ ಸಂಪತ್ತು ಅದು. ಇಸ್ಲಾಮಿಗಿಂತ ಹಿಂದಿನ ಅರಬರು ಒಂಟೆಯನ್ನು ಕೊಯ್ದು, ಹತ್ತು ಬಾಣಗಳನ್ನು ಚೀಲದೊಳಗಿಟ್ಟು ಒಂದೊಂದಾಗಿ ಹೊರತೆಗೆಯುತ್ತಿದ್ದರು. ಏಳು ಬಾಣಗಳಿಗೆ ಪಾಲು, ಮೂರು ಬಾಣಗಳಿಗೆ ಏನೂ ಇಲ್ಲ. ಸೋತವರು ಒಂಟೆಯ ಬೆಲೆ ತೆರಬೇಕು. ಗೆದ್ದವರು ಮಾಂಸವನ್ನು ತಾವು ತಿನ್ನದೆ ಬಡವರಿಗೆ ಹಂಚಿ, ಅದನ್ನು ಹಿರಿಮೆಯೆಂದು ಹೇಳಿಕೊಳ್ಳುತ್ತಿದ್ದರು.

ಈ ಹಿನ್ನೆಲೆಯಲ್ಲಿ ಅಲ್ ಬಕರ ಅಧ್ಯಾಯದ 219ನೇ ಸೂಕ್ತವನ್ನು ಓದಿದರೆ ಅದರ ನ್ಯಾಯಪರತೆ ಮನದಟ್ಟಾಗುತ್ತದೆ. ಮದ್ಯ ಮತ್ತು ಜೂಜಿನಲ್ಲಿ ಜನರಿಗೆ ಕೆಲವು ಪ್ರಯೋಜನಗಳಿರುವುದನ್ನು ಅದು ಅಲ್ಲಗಳೆಯುವುದಿಲ್ಲ. ಪ್ರಯೋಜನಕ್ಕಿಂತ ಪಾಪವೇ ದೊಡ್ಡದೆಂದು ತೂಗಿ ಹೇಳುತ್ತದೆ. ಬಳಿಕ ಅಲ್ ಮಾಇದ ಅಧ್ಯಾಯದ 90 ಮತ್ತು 91ನೇ ಸೂಕ್ತಗಳಲ್ಲಿ ಅಂತಿಮ ನಿಷೇಧ ಬಂತು. ಅಲ್ಲಿ ಎರಡು ಕಾರಣಗಳಿವೆ: ಶೈತಾನನು ಇದರ ಮೂಲಕ ನಿಮ್ಮ ನಡುವೆ ಹಗೆತನ ಹುಟ್ಟಿಸಬಯಸುತ್ತಾನೆ, ಅಲ್ಲಾಹನ ಸ್ಮರಣೆಯಿಂದಲೂ ನಮಾಝಿನಿಂದಲೂ ನಿಮ್ಮನ್ನು ತಡೆಯಬಯಸುತ್ತಾನೆ. ಜೂಜು ಹೊಕ್ಕ ಮನೆಗಳಲ್ಲಿ ಈ ಎರಡೂ ಒಟ್ಟಿಗೇ ಕಾಣಿಸುವುದನ್ನು ನಾವು ನೋಡಿದ್ದೇವೆ. ಗಂಡ ಹೆಂಡಿರ ಮಾತು ಮುರಿದಿರುತ್ತದೆ. ಫಜ್ರ್ ನಮಾಝ್ ತಪ್ಪಿಹೋಗಿರುತ್ತದೆ.

ಇಂದು ಬಾಣಗಳೂ ಚೀಲವೂ ಇಲ್ಲ. ಓ.ಸಿ. ಎಂದು ಜನ ಕರೆಯುವ ಮಟ್ಕಾ ಇದೆ. ಅಂದರ್ ಬಾಹರ್ ಇದೆ. ಕೋಳಿ ಅಂಕದ ಬಾಜಿ ಇದೆ. ಕರ್ನಾಟಕದಲ್ಲಿ ಲಾಟರಿ ನಿಂತಿದ್ದರೂ ಗಡಿ ದಾಟಿ ಮಂಜೇಶ್ವರಕ್ಕೆ ಹೋಗಿ ಕೇರಳದ ಲಾಟರಿ ಟಿಕೆಟು ಕೊಳ್ಳುವವರಿದ್ದಾರೆ. ಗಲ್ಫಿನಲ್ಲಿ ಒಂದೇ ಕೋಣೆಯ ಗೆಳೆಯರು ಪಾಲು ಹಾಕಿ ರಾಫೆಲ್ ಟಿಕೆಟು ಕೊಂಡು, ಗೆದ್ದರೆ ಊರಿನ ಮಸೀದಿಗೂ ಕೊಡೋಣ ಎಂದುಕೊಳ್ಳುವುದುಂಟು. ಒಂಟೆಯ ಮಾಂಸವನ್ನು ಬಡವರಿಗೆ ಹಂಚಿದವರ ಸಮಾಧಾನವೂ ಇಂಥದ್ದೇ ಆಗಿತ್ತು.

ಎಲ್ಲಕ್ಕಿಂತ ಹೆಚ್ಚು ಮನೆಗಳನ್ನು ಹೊಕ್ಕಿರುವುದು ಮೊಬೈಲ್. "ಇದು ಅದೃಷ್ಟದ ಆಟವಲ್ಲ, ಬುದ್ಧಿಯ ಆಟ" ಎಂಬುದು ಅದರ ವಾದ. ಕರ್ನಾಟಕ ಸರಕಾರವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹೊಸ ಕಾನೂನನ್ನು ಅಂಗೀಕರಿಸಿ, ಕೌಶಲದ್ದಾಗಿರಲಿ ಅದೃಷ್ಟದ್ದಾಗಿರಲಿ, ಹಣ ಕಟ್ಟಿ ಆಡಿಸುವ ಎಲ್ಲ ಆನ್‌ಲೈನ್ ಆಟಗಳಿಗೂ ಅವುಗಳ ಜಾಹೀರಾತಿಗೂ ನಿಷೇಧ ವಿಧಿಸಿತು. ಸುಮಾರು 45 ಕೋಟಿ ಜನರು 20,000 ಕೋಟಿ ರೂಪಾಯಿಗಿಂತ ಹೆಚ್ಚು ಕಳೆದುಕೊಂಡಿದ್ದಾರೆಂಬುದು ಆಗ ಸರಕಾರವೇ ನೀಡಿದ ಅಂದಾಜು.

ನಮಗೆ ಮಾತ್ರ ನ್ಯಾಯಾಲಯದ ತೀರ್ಪಿಗಾಗಿ ಕಾಯುವ ಅಗತ್ಯ ಎಂದೂ ಇರಲಿಲ್ಲ. ಆಡುವವರೆಲ್ಲರೂ ಪಣವೊಡ್ಡಿ, ಒಬ್ಬನ ಗಳಿಕೆಯು ಇನ್ನೊಬ್ಬನ ನಷ್ಟದಿಂದಲೇ ಹುಟ್ಟುವಂತಿದ್ದರೆ ಅದನ್ನು ನಮ್ಮ ಫುಖಹಾಗಳು ಜೂಜೆಂದೇ ಎಣಿಸಿದ್ದಾರೆ. ಇಸ್ಪೀಟು ಎಲೆಯನ್ನು ಜಾಣತನದಿಂದ ಎಸೆದ ಮಾತ್ರಕ್ಕೆ ಪಣದ ಹಣ ಹಲಾಲ್ ಆಗದು. "ಬಾ, ಜೂಜಾಡೋಣ" ಎಂದು ಗೆಳೆಯನನ್ನು ಬರಿದೆ ಕರೆದವನೂ ಅದಕ್ಕೆ ಪ್ರಾಯಶ್ಚಿತ್ತವಾಗಿ ದಾನ ಮಾಡಲಿ ಎಂದು ಪ್ರವಾದಿವರ್ಯರು(ಸ) ಬೋಧಿಸಿದ್ದನ್ನು ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ್ದಾರೆ. ಕರೆಯೇ ತಪ್ಪಾದರೆ, ಗೆಳೆಯನಿಗೆ ಆ್ಯಪಿನ ಲಿಂಕ್ ಕಳುಹಿಸಿ ಬೋನಸ್ ಪಡೆಯುವವನ ಸ್ಥಿತಿ ಏನೆಂಬುದನ್ನು ಯೋಚಿಸೋಣ.

ಲೆಕ್ಕವೂ ಹುಚ್ಚೂ

ಯುವಕರಿಗೆ ಧರ್ಮದ ಮಾತಿನ ಜೊತೆಗೆ ಲೆಕ್ಕವನ್ನೂ ಕಲಿಸಬೇಕು. ಹತ್ತು ಅಂಕಿಗಳಲ್ಲಿ ಒಂದಕ್ಕೆ 10 ರೂಪಾಯಿ ಕಟ್ಟಿ, ಅದೇ ಅಂಕಿ ಬಂದರೆ 90 ರೂಪಾಯಿ ಸಿಗುವ ಆಟವನ್ನು ತೆಗೆದುಕೊಳ್ಳೋಣ. ಹತ್ತೂ ಅಂಕಿಗಳಿಗೆ ಹಣ ಕಟ್ಟಿದವನು 100 ರೂಪಾಯಿ ಕೊಟ್ಟು 90 ಪಡೆಯುತ್ತಾನೆ. ಉಳಿದ 10 ರೂಪಾಯಿ ಆಡಿಸುವವನದು. ಯಾವ ಅಂಕಿ ಬಂದರೂ ಅವನಿಗೆ ಚಿಂತೆಯಿಲ್ಲ. ರಮ್ಮಿಯ ಮೇಜಿನಲ್ಲಿಯೂ ಹೀಗೆಯೇ: ಆರು ಮಂದಿ ತಲಾ 100 ರೂಪಾಯಿ ಇಟ್ಟರೆ, ಗೆದ್ದವನಿಗೆ ಕೊಡುವ ಮೊದಲು ಆಡಿಸುವ ಸಂಸ್ಥೆಯು ತನ್ನ ಪಾಲನ್ನು ತೆಗೆದಿಟ್ಟುಕೊಳ್ಳುತ್ತದೆ. ಒಂದು ದಿನ ಗೆಲ್ಲಬಹುದು, ಒಂದು ವಾರ ಗೆಲ್ಲಬಹುದು. ದಿನವೂ ಆಡುವವನ ಹಣ ಕ್ರಮೇಣ ಆಡಿಸುವವನ ಕಡೆಗೇ ಹರಿಯುತ್ತದೆ.

ಆದರೆ ಲೆಕ್ಕ ತಿಳಿದವರೂ ಬೀಳುತ್ತಾರೆ. ಕೆಲವರಲ್ಲಿ ಜೂಜು ಒಂದು ಹಂತದ ಬಳಿಕ ಚಟವನ್ನೂ ಮೀರಿ ರೋಗವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ಪಟ್ಟಿಯಲ್ಲಿ ಇದನ್ನು ವ್ಯಸನಗಳ ಸಾಲಿನಲ್ಲಿರಿಸಿದೆ. ಅದರ ಲಕ್ಷಣ ಒಂದೇ ಮಾತಿನಲ್ಲಿದೆ: ಹೋದದ್ದನ್ನು ಮರಳಿ ಪಡೆಯುವ ಹಟ. ಐದು ಸಾವಿರ ಹೋದರೆ ಅದನ್ನು ಪಡೆಯಲು ಹತ್ತು ಸಾವಿರ, ಹತ್ತು ಹೋದರೆ ಇಪ್ಪತ್ತು. ಕೂದಲೆಳೆಯಲ್ಲಿ ತಪ್ಪಿದ ಗೆಲುವು ಅವನಿಗೆ ಸೋಲಾಗಿ ಕಾಣದೆ, ಮುಂದಿನ ಗೆಲುವಿನ ಭರವಸೆಯಾಗಿ ಕಾಣುತ್ತದೆ.

ಕನ್ನಡ ಸಾಹಿತ್ಯವನ್ನು ಓದಿದವರಿಗೆ ಪಂಪನೂ ಕುಮಾರವ್ಯಾಸನೂ ಹೇಳಿದ ದ್ಯೂತದ ಕಥೆ ಗೊತ್ತು. ರಾಜ್ಯ, ತಮ್ಮಂದಿರು, ತಾನು, ಕೊನೆಗೆ ಮಡದಿಯನ್ನೂ ಧರ್ಮರಾಯ ಪಣಕ್ಕಿಟ್ಟದ್ದನ್ನು ಎಲ್ಲರೂ ನೆನೆಯುತ್ತಾರೆ. ನಾವು ಅಷ್ಟಾಗಿ ನೆನೆಯದಿರುವುದು ಅದರ ನಂತರದ್ದನ್ನು. ಭಾರತದ ಕಥೆಯಲ್ಲಿ ಧೃತರಾಷ್ಟ್ರನು ಸೋತದ್ದನ್ನೆಲ್ಲ ಹಿಂದಿರುಗಿಸಿ ಕಳುಹಿಸುತ್ತಾನೆ. ಮತ್ತೆ ಕರೆ ಬಂದಾಗ ಧರ್ಮರಾಯ ಮತ್ತೆ ಹೋಗಿ ಕೂರುತ್ತಾನೆ. ವನವಾಸ ಬಂದದ್ದು ಎರಡನೆಯ ಆಟದಿಂದ. ಧರ್ಮವನ್ನು ಬಲ್ಲವನೆಂದು ಹೆಸರಾದವನ ಕಥೆ ಇದು. ಸೋತದ್ದನ್ನು ತುಂಬಿಕೊಟ್ಟ ಮಾತ್ರಕ್ಕೆ ಜೂಜುಗಾರ ಉಳಿಯುವುದಿಲ್ಲ. ನಾವು ಆ ಹುಡುಗನ ಕೈಗೆ ಹಣವಿತ್ತು ಮಾಡಿದ ತಪ್ಪು ಇದೇ ಆಗಿತ್ತು.

ಅನ್ನಿಸಾಅ್ ಅಧ್ಯಾಯದ ದಾರಿ

ಉತ್ತರವು ನಾವು ಎಷ್ಟೋ ಬಾರಿ ಓದಿದ, ಮಕ್ಕಳಿಗೆ ಓದಿಸಿದ ಸೂಕ್ತವೊಂದರಲ್ಲೇ ಇತ್ತು. ಅನ್ನಿಸಾಅ್ ಅಧ್ಯಾಯದ 5ನೇ ಸೂಕ್ತವು, ಅಲ್ಲಾಹನು ನಿಮ್ಮ ಬದುಕಿಗೆ ಆಧಾರವಾಗಿ ಮಾಡಿರುವ ಸಂಪತ್ತನ್ನು ವಿವೇಕವಿಲ್ಲದವರ ಕೈಗೆ ಒಪ್ಪಿಸದಿರುವಂತೆ ಆಜ್ಞಾಪಿಸುತ್ತದೆ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಅವರಿಗೆ ಅದರಿಂದ ಉಣಿಸಿರಿ, ಉಡಿಸಿರಿ, ಅವರೊಂದಿಗೆ ಒಳ್ಳೆಯ ಮಾತನ್ನಾಡಿರಿ ಎಂದೂ ಅದೇ ಸೂಕ್ತ ಬೋಧಿಸುತ್ತದೆ.

ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ತದ್ವಿರುದ್ಧ. ಜೂಜಾಡಿದ ಮಗನನ್ನು ಬೈದು ಬಡಿದು ಮನೆಯಿಂದ ಹೊರಹಾಕುತ್ತೇವೆ. ನಾಲ್ಕು ದಿನದ ಬಳಿಕ ಕರುಳು ಕರಗಿ, ಇದೊಂದು ಸಲ ಎಂದು ಹಣ ಕೊಡುತ್ತೇವೆ. ಮಾತು ಕಹಿಯಾಗಿರುತ್ತದೆ, ಹಣದ ದಾರಿ ತೆರೆದಿರುತ್ತದೆ. ಸೂಕ್ತವು ಹೇಳುವುದು ಹಣವನ್ನು ಅವನ ಕೈಯಿಂದ ತೆಗೆಯಲು. ಅನ್ನ, ಬಟ್ಟೆ, ಮರ್ಯಾದೆಯನ್ನು ತೆಗೆಯಲು ಅಲ್ಲ.

ಇದನ್ನು ಮನೆಯಲ್ಲಿ ಆಚರಣೆಗೆ ತರುವುದು ಹೇಗೆ? ನಮ್ಮ ಅನುಭವದಲ್ಲಿ ಕಂಡುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಮುಂದಿಡುತ್ತೇವೆ.

ಮೊದಲನೆಯದು, ಗುರುತುಗಳನ್ನು ಅರಿಯುವುದು. ನಡುರಾತ್ರಿಯವರೆಗೆ ಮೊಬೈಲ್ ಹಿಡಿದು ಕೂರುವುದು, ಯಾರಾದರೂ ಹತ್ತಿರ ಬಂದೊಡನೆ ಅದನ್ನು ಮಗುಚಿಡುವುದು, ಸಂಬಳ ಬಂದ ಎರಡನೇ ದಿನವೇ ಕೈ ಖಾಲಿಯಾಗುವುದು, ಕಾರಣ ಹೇಳದ ಕೈಸಾಲ, ಅಪರಿಚಿತ ಸಂಖ್ಯೆಗಳಿಂದ ಕರೆಗಳು, ಕಪಾಟಿನಲ್ಲಿ ಕಾಣದಾದ ಒಡವೆ, ಪಂದ್ಯದ ದಿನ ಒಮ್ಮೆಲೇ ಉಕ್ಕುವ ಸಿಟ್ಟು ಅಥವಾ ಸಂತೋಷ. ಇವುಗಳಲ್ಲಿ ಒಂದಿದ್ದರೆ ಸಂಶಯಪಡಬೇಕಿಲ್ಲ. ಮೂರು ನಾಲ್ಕು ಒಟ್ಟಿಗೆ ಕಂಡರೆ ಕೇಳಲೇಬೇಕು. ಕೇಳುವಾಗ ಎಲ್ಲರೆದುರು ಕೇಳದೆ ಏಕಾಂತದಲ್ಲಿ, ಶಾಂತವಾಗಿ ಕೇಳಬೇಕು.

ಎರಡನೆಯದು, ಸಾಲದ ಪೂರ್ಣ ಪಟ್ಟಿ. ಜೂಜುಗಾರನು ಮೊದಲ ಬಾರಿ ಹೇಳುವ ಮೊತ್ತ ಹೆಚ್ಚಾಗಿ ನಿಜವಾದ ಮೊತ್ತವಾಗಿರುವುದಿಲ್ಲ. ನಾಚಿಕೆಯಿಂದ ಅರ್ಧವನ್ನು ಮುಚ್ಚಿಡುತ್ತಾನೆ. ಬ್ಯಾಂಕಿನ ವಿವರಪಟ್ಟಿ ಮುಂದಿಟ್ಟುಕೊಂಡು ಕಾಗದದಲ್ಲಿ ಬರೆಯಿಸಿರಿ. ಯಾರಾದರೂ ನೆರವಾಗುವುದಾದರೆ ಹಣವನ್ನು ಅವನ ಕೈಗೆ ಕೊಡದೆ ನೇರವಾಗಿ ಸಾಲ ಕೊಟ್ಟವರಿಗೆ ಸಲ್ಲಿಸಲಿ. ಝಕಾತ್ ಪಡೆಯಲರ್ಹರಾದ ಎಂಟು ವರ್ಗಗಳಲ್ಲಿ ಸಾಲಗಾರರೂ ಸೇರಿದ್ದಾರೆ. ಆದರೆ ಪಾಪಕಾರ್ಯಕ್ಕಾಗಿ ಸಾಲ ಮಾಡಿದವನಿಗೆ ಅವನು ತೌಬಾ ಮಾಡಿದ ಬಳಿಕವೇ ಕೊಡಬಹುದೆಂದು ಅನೇಕ ಫುಖಹಾಗಳು ವಿಧಿಸಿದ್ದಾರೆ. ಊರಿನ ಜಮಾಅತ್‌ಗಳು ಈ ವಿಷಯದಲ್ಲಿ ಆಲಿಮರನ್ನು ಕೇಳಿ ಮುಂದುವರಿಯಬೇಕು.

ಮೂರನೆಯದು, ಹಣದ ಕೀಲಿಕೈ. ಸಂಬಳ ಬರುವ ಖಾತೆಯ ಎಟಿಎಂ ಕಾರ್ಡು ಮತ್ತು ಯುಪಿಐ ವ್ಯವಹಾರವನ್ನು ಅವನ ಒಪ್ಪಿಗೆಯಿಂದಲೇ ಹೆತ್ತವರಲ್ಲಿ ಅಥವಾ ಪತ್ನಿಯಲ್ಲಿ ಇರಿಸಲಿ. ದಿನದ ಬಸ್ಸಿನ ಖರ್ಚು, ಚಹಾದ ಖರ್ಚು ಅವನ ಕೈಗೆ ಬರಲಿ. ಇದನ್ನು ಶಿಕ್ಷೆಯೆಂದು ಭಾವಿಸಬಾರದು. ಕಾಲು ಮುರಿದವನಿಗೆ ಊರುಗೋಲಿದ್ದಂತೆ ಇದು.

ನಾಲ್ಕನೆಯದು, ಹೆಣ್ಣುಮಕ್ಕಳ ಹಕ್ಕು. ಮಹ್ರ್ ಪತ್ನಿಯ ಸ್ವಂತ ಸೊತ್ತು. ಅವಳು ಮನಃಪೂರ್ವಕವಾಗಿ ಬಿಟ್ಟುಕೊಟ್ಟರಲ್ಲದೆ ಗಂಡನಿಗೆ ಅದರಲ್ಲಿ ಪಾಲಿಲ್ಲವೆಂದು ಅನ್ನಿಸಾಅ್ ಅಧ್ಯಾಯದ 4ನೇ ಸೂಕ್ತವೇ ಸ್ಪಷ್ಟಪಡಿಸುತ್ತದೆ. ಜೂಜಿನ ಸಾಲಕ್ಕಾಗಿ ಒಡವೆ ಕೇಳುವ ಗಂಡನಿಗೆ ಇಲ್ಲವೆನ್ನುವುದು ಅವಿಧೇಯತೆಯಲ್ಲ. ಗಂಡನು ಮನೆಗೆ ಬೇಕಾದಷ್ಟು ಕೊಡುತ್ತಿಲ್ಲವೆಂದು ದೂರಿದ ಹಿಂದ್ ಬಿಂತಿ ಉತ್ಬಾರಿಗೆ, ನಿನಗೂ ನಿನ್ನ ಮಕ್ಕಳಿಗೂ ಸಾಕಾಗುವಷ್ಟನ್ನು ನ್ಯಾಯವಾದ ರೀತಿಯಲ್ಲಿ ಅವನ ಸಂಪತ್ತಿನಿಂದ ತೆಗೆದುಕೋ ಎಂದು ಪ್ರವಾದಿವರ್ಯರು(ಸ) ಅನುಮತಿ ನೀಡಿದ್ದರು. ಮಕ್ಕಳ ಅನ್ನ ಮತ್ತು ಶಾಲೆಯ ಶುಲ್ಕವನ್ನು ಜೂಜಿನಿಂದ ಕಾಪಾಡುವ ತಾಯಿ ತನ್ನ ಹೊಣೆಯನ್ನೇ ನಿರ್ವಹಿಸುತ್ತಿದ್ದಾಳೆ.

ಐದನೆಯದು, ಸಾಲದ ಆ್ಯಪುಗಳ ಕಾಟ. ಮೊಬೈಲಿನಲ್ಲಿರುವ ಸಂಪರ್ಕ ಸಂಖ್ಯೆಗಳನ್ನು ಕದ್ದು, ಬಂಧುಗಳಿಗೆಲ್ಲ ಕರೆ ಮಾಡಿ ಮಾನ ಕಳೆಯುವುದಾಗಿ ಬೆದರಿಸುವವರಿದ್ದಾರೆ. ಸಾಲ ನೀಡುವ ಆ್ಯಪುಗಳು ಹೀಗೆ ಸಂಪರ್ಕ ಪಟ್ಟಿಯನ್ನು ನೋಡಬಾರದೆಂದು ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲೇ ಸೂಚಿಸಿದೆ. ಹೆದರಿ ಇನ್ನೊಂದು ಸಾಲ ಮಾಡುವ ಬದಲು ಪೊಲೀಸರಿಗೆ ದೂರು ಕೊಡಬೇಕು. ಸೈಬರ್ ವಂಚನೆಗಳಿಗಾಗಿ 1930 ಎಂಬ ಸಹಾಯವಾಣಿ ಇದೆ.

ಆರನೆಯದು, ಚಿಕಿತ್ಸೆ. ಜ್ವರ ಬಂದರೆ ದುಆದ ಜೊತೆ ಮದ್ದನ್ನೂ ಮಾಡುವ ನಾವು, ಮನಸ್ಸಿನ ವಿಷಯದಲ್ಲಿ ಮಾತ್ರ ವೈದ್ಯರ ಬಳಿ ಹೋಗಲು ನಾಚುತ್ತೇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಇಂಟರ್‌ನೆಟ್ಟಿನ ಅತಿಬಳಕೆಗೆಂದೇ 2014ರಿಂದ ಪ್ರತ್ಯೇಕ ಕ್ಲಿನಿಕ್ ನಡೆಯುತ್ತಿದೆ. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಮುಚ್ಚಿಡುವುದು ಮತ್ತು ಮಾನ ಕಾಯುವುದು

ಇಲ್ಲಿ ಒಂದು ಆಕ್ಷೇಪ ಬರುವುದನ್ನು ನಾವು ಬಲ್ಲೆವು. ಒಬ್ಬ ಮುಸ್ಲಿಮನ ತಪ್ಪನ್ನು ಮರೆಮಾಚಿದವನ ತಪ್ಪನ್ನು ಅಲ್ಲಾಹನು ಅಂತ್ಯದಿನದಂದು ಮರೆಮಾಚುವನೆಂದು ಹದೀಸ್ ಕಲಿಸುವಾಗ, ಮನೆಯವರಿಗೆ ತಿಳಿಸುವುದು ಸರಿಯೇ?

ಆ ಹದೀಸನ್ನು ನೆಚ್ಚಿಕೊಂಡೇ ಅಂದು ನಾವು ಮೌನವಾಗಿದ್ದೆವು. ಆದರೆ ಇಮಾಮ್ ನವವಿಯವರು ರಿಯಾಳುಸ್ಸಾಲಿಹೀನ್ ಗ್ರಂಥದಲ್ಲಿ ಇನ್ನೊಬ್ಬರ ದೋಷವನ್ನು ಹೇಳಲು ಅನುಮತಿಯಿರುವ ಆರು ಸಂದರ್ಭಗಳನ್ನು ಎಣಿಸಿದ್ದಾರೆ. ಕೆಡುಕನ್ನು ತಡೆಯಬಲ್ಲವರ ನೆರವನ್ನು ಕೋರುವುದು ಅವುಗಳಲ್ಲಿ ಒಂದು. ಬೀದಿಯಲ್ಲಿ ಹರಡುವುದು ಬೇರೆ, ಕೈಹಿಡಿದು ಎತ್ತಬಲ್ಲವರಿಗೆ ಹೇಳುವುದು ಬೇರೆ. ಮದುವೆ ಮನೆಯಲ್ಲಿ ಅವನ ಸಾಲದ ಮಾತೆತ್ತುವವನು ಪಾಪಿ. ಅವನ ತಂದೆಯ ಕಿವಿಯಲ್ಲಿ ಹೇಳುವವನು ಹಿತೈಷಿ. ಜೂಜಿಗೆ ಬೇಕಾದ ಗಾಳಿ ಬೆಳಕು ಗುಟ್ಟೇ. ಮನೆಯ ನಾಲ್ಕು ಜನ ತಿಳಿದು ಒಂದಾದಾಗ ಅದರ ಅರ್ಧ ಬಲ ಉಡುಗುತ್ತದೆ.

ನಮ್ಮ ಮೊಹಲ್ಲಾಗಳು ಇದಕ್ಕೆ ಅನುಕೂಲವಾದ ವಾತಾವರಣ ಒದಗಿಸಬೇಕು. ಜುಮುಆ ಖುತ್ಬಾದಲ್ಲಿ ಜೂಜುಗಾರರನ್ನು ಹಳಿಯುವ ಜೊತೆಗೆ, ಸಿಕ್ಕಿಬಿದ್ದವರು ಯಾರ ಬಳಿ ಬರಬೇಕೆಂಬುದನ್ನೂ ಹೇಳಿದರೆ ಎಷ್ಟೋ ಮನೆಗಳು ಉಳಿದಾವು. ಮದ್ರಸದ ದೊಡ್ಡ ತರಗತಿಗಳಲ್ಲಿ ಮೈಸಿರ್ ಎಂಬ ಪದಕ್ಕೆ ಅರ್ಥ ಬರೆಸುವಾಗ ಇಂದಿನ ಆಟಗಳ ಹೆಸರನ್ನೂ ಹೇಳಬೇಕು. ಮನೆಯಲ್ಲಿ ನಾವು ಹಿರಿಯರು ತಮಾಷೆಗೆಂದು ಬಾಜಿ ಕಟ್ಟುವುದನ್ನು ಬಿಡಬೇಕು. ಸೋತವರು ಎಲ್ಲರಿಗೂ ಬಿರಿಯಾನಿ ಕೊಡಿಸಬೇಕು ಎಂಬ ಪಂದ್ಯವೂ ಮಕ್ಕಳ ಕಣ್ಣಿಗೆ ಪಾಠವೇ.

ಬಲೆಯಲ್ಲಿರುವ ಸಹೋದರನಿಗೆ

ಈ ಲೇಖನವನ್ನು ಗುಟ್ಟಾಗಿ ಓದುತ್ತಿರುವ ಸಹೋದರರೂ ಇರಬಹುದು. ಅವರಿಗೆ ಒಂದು ಮಾತು. ಅನ್ನಿಸಾಅ್ ಅಧ್ಯಾಯದ 29ನೇ ಸೂಕ್ತವು ಪರಸ್ಪರರ ಸಂಪತ್ತನ್ನು ಅನ್ಯಾಯವಾಗಿ ಕಬಳಿಸುವುದನ್ನು ನಿಷೇಧಿಸುತ್ತದೆ. ಅದೇ ಸೂಕ್ತವು ನಿಮ್ಮನ್ನು ನೀವೇ ಕೊಂದುಕೊಳ್ಳದಿರಿ ಎಂದೂ ಎಚ್ಚರಿಸಿ, ಅಲ್ಲಾಹನು ನಿಮ್ಮ ಮೇಲೆ ಕರುಣೆಯುಳ್ಳವನೆಂದು ಮುಗಿಯುತ್ತದೆ. ಅನ್ಯಾಯದ ಹಣ, ಪ್ರಾಣ, ಕರುಣೆ ಈ ಮೂರೂ ಒಂದೇ ಸೂಕ್ತದಲ್ಲಿವೆ. ಸಾಲದ ಭಾರಕ್ಕೆ ಬದುಕೇ ಬೇಡವೆನಿಸಿದ ರಾತ್ರಿ ಆ ಸೂಕ್ತದ ಕೊನೆಯನ್ನು ನೆನೆಯಿರಿ. ಒಬ್ಬರನ್ನು ಎಬ್ಬಿಸಿ ಹೇಳಿರಿ. ಸಾಲ ಎಷ್ಟೇ ದೊಡ್ಡದಿದ್ದರೂ ನಿಮ್ಮ ತಾಯಿಗೆ ನಿಮ್ಮ ಪ್ರಾಣಕ್ಕಿಂತ ಅದು ದೊಡ್ಡದಲ್ಲ.

ತೌಬಾ ಮಾಡಿ ಮತ್ತೆ ಜಾರಿದವರು, ಇನ್ನು ನನಗೆ ಕ್ಷಮೆಯಿಲ್ಲ ಎಂದುಕೊಳ್ಳಬೇಡಿ. ತಮ್ಮ ಮೇಲೆ ತಾವೇ ಅತಿರೇಕವೆಸಗಿದವರು ಅಲ್ಲಾಹನ ಕಾರುಣ್ಯದ ಬಗ್ಗೆ ನಿರಾಶರಾಗಬಾರದೆಂಬುದು ಅಝ್ಝುಮರ್ ಅಧ್ಯಾಯದ ಕರೆ. ಆದರೆ ತೌಬಾದ ನಂತರದ ಮೊದಲ ಕೆಲಸ ಆ್ಯಪನ್ನು ಅಳಿಸುವುದು, ಎರಡನೆಯದು ಎಟಿಎಂ ಕಾರ್ಡನ್ನು ಮನೆಯವರಿಗೆ ಒಪ್ಪಿಸುವುದು.

ನಮ್ಮ ಆ ವಿದ್ಯಾರ್ಥಿಯ ವಿಷಯ ಹೇಳಿ ಮುಗಿಸುತ್ತೇವೆ. ಎರಡನೆಯ ಸಲ ಅವನು ಬಂದಾಗ ನಾವು ಹಣ ಹೊಂದಿಸಲಿಲ್ಲ. ಅವನನ್ನು ಕರೆದುಕೊಂಡು ಅವನ ಮನೆಗೇ ಹೋದೆವು. ಉಮ್ಮ ಎಲ್ಲವನ್ನೂ ಕೇಳಿ ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, "ಬಳೆ ಇಲ್ಲದ್ದು ನನಗೆ ಯಾವತ್ತೋ ಗೊತ್ತಾಗಿತ್ತು ಉಸ್ತಾದರೇ, ಅವನಾಗಿಯೇ ಹೇಳಲಿ ಎಂದು ಕಾದಿದ್ದೆ" ಎಂದರು. ತಾಯಿ ಮಗ ಇಬ್ಬರೂ ಒಂದೇ ಸೂರಿನಡಿ ಒಂದೇ ಗುಟ್ಟನ್ನು ತಿಂಗಳುಗಟ್ಟಲೆ ಬೇರೆ ಬೇರೆಯಾಗಿ ಹೊತ್ತಿದ್ದರು.

ಅಂದಿನಿಂದ ಕಾರ್ಡು ಉಮ್ಮನ ಬಳಿಯಿದೆ. ನಡುವೆ ಒಮ್ಮೆ ಅವನು ಮತ್ತೆ ಜಾರಿದ. ಆದರೆ ಆ ಸಲ ಮರುದಿನವೇ ತಾನಾಗಿ ಬಂದು ಹೇಳಿದ. ಸಾಲ ಇನ್ನೂ ಪೂರ್ತಿ ತೀರಿಲ್ಲ. ಎರಡರಲ್ಲಿ ಒಂದು ಬಳೆ ಮನೆಗೆ ಮರಳಿದೆ.

ನಿಮ್ಮನ್ನೂ ನಿಮ್ಮ ಮನೆಯವರನ್ನೂ ನರಕಾಗ್ನಿಯಿಂದ ಕಾಪಾಡಿಕೊಳ್ಳಿರೆಂದು ಅತ್ತಹ್ರೀಮ್ ಅಧ್ಯಾಯವು ವಿಶ್ವಾಸಿಗಳಿಗೆ ಕರೆ ಕೊಡುತ್ತದೆ. ಇಂದು ಊಟ ಮುಗಿದ ಮೇಲೆ ಮಕ್ಕಳ ಪಕ್ಕದಲ್ಲಿ ಕುಳಿತು, ಸಿಟ್ಟಿಲ್ಲದೆ, ಒಂದು ಪ್ರಶ್ನೆ ಕೇಳುವುದರಿಂದ ಆ ಕೆಲಸವನ್ನು ಆರಂಭಿಸಬಹುದು. ಅಲ್ಲಾಹನು ನಮ್ಮ ಗಳಿಕೆಯನ್ನು ಹಲಾಲ್ ಆಗಿಸಲಿ, ನಮ್ಮ ಮನೆಗಳನ್ನು ಕಾಪಾಡಲಿ, ಬಲೆಗೆ ಬಿದ್ದವರನ್ನು ಬಿಡಿಸಲಿ. ಆಮೀನ್.